ಬರೆಯುವವರೂ ಕಟ್ಟುವವರೇ

ಹೊಸ ಮಿಕ್ಸರ್ ಕೊಂಡರೆ ಡಬ್ಬಿಯೊಳಗೆ ಒಂದು ಪುಟ್ಟ ಪುಸ್ತಿಕೆ ಸಿಗುತ್ತದೆ. ಜಾರ್ ಹೇಗೆ ಕೂರಿಸಬೇಕು, ಒಮ್ಮೆಗೆ ಎಷ್ಟು ನಿಮಿಷ ಓಡಿಸಬಹುದು, ಏನೇನು ಮಾಡಬಾರದು ಎಂಬುದೆಲ್ಲ ಅದರಲ್ಲಿರುತ್ತದೆ. ‘ಈ ಮಿಕ್ಸರಿನ ದೋಷಗಳು’ ಎಂಬ ತಲೆಬರಹ ಮಾತ್ರ ಇರುವುದಿಲ್ಲ. ತಮ್ಮ ಸರಕಿನ ಹುಳುಕನ್ನು ತಾವೇ ಅಚ್ಚು ಹಾಕಿಸಿ ಹಂಚುವವರು ಎಲ್ಲಿದ್ದಾರೆ? ಆದರೆ 1971ರ ನವೆಂಬರ್ 3ರ ದಿನಾಂಕ ಹೊತ್ತ ಒಂದು ಕೈಪಿಡಿ ಅದನ್ನೇ ಮಾಡಿತು. ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಕಟ್ಟುತ್ತಿದ್ದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಮೊದಲ ಕೈಪಿಡಿ ಅದು. ಒಂದೊಂದು ಕಮಾಂಡಿಗೂ ಅದರದೇ ಪುಟ. ಪುಟದಲ್ಲಿ ಹೆಸರು, ಬಳಸುವ ರೀತಿ, ವಿವರಣೆ. ಕೊನೆಗೆ ‘ಬಗ್ಸ್’ ಎಂಬ ಶೀರ್ಷಿಕೆಯಡಿ ಆ ಕಮಾಂಡಿನ ದೋಷಗಳು, ಅದರ ಕೆಳಗೆ ಹೊಣೆ ಹೊತ್ತವರ ಗುರುತು. ಇಂದಿಗೂ ಲಿನಕ್ಸ್ ಕಂಪ್ಯೂಟರಿನಲ್ಲಿ ‘ಮ್ಯಾನ್’ ಎಂದು ಟೈಪಿಸಿ ಕಮಾಂಡಿನ ಹೆಸರು ಕೊಟ್ಟರೆ ತೆರೆದುಕೊಳ್ಳುವ ಪುಟಗಳು ಇದೇ ವಂಶದವು.

ಆ ಶೀರ್ಷಿಕೆ ಮಾಡಿದ ಕೆಲಸ ಮಾತ್ರ ಯಾರೂ ಎಣಿಸದಂಥದ್ದು. ಕೈಪಿಡಿಯ ಹೊಸ ಆವೃತ್ತಿ ಹೊರಡುವ ಹೊತ್ತಿಗೆ ಲ್ಯಾಬಿನಲ್ಲಿ ಗಡಿಬಿಡಿ ಏಳುತ್ತಿತ್ತೆಂದು ಆ ಗುಂಪಿನವರು ಮುಂದೆ ನೆನಪಿಸಿಕೊಂಡಿದ್ದಾರೆ. ತಮ್ಮ ಪ್ರೋಗ್ರಾಮಿನ ವಕ್ರ ನಡವಳಿಕೆಯನ್ನು ಕಾಗದಕ್ಕಿಳಿಸಲು ಕೂತಾಗ, ಇದನ್ನು ಅಚ್ಚು ಹಾಕುವುದು ಹೇಗಪ್ಪಾ ಎಂದು ಅವರಿಗೇ ಮುಜುಗರವಾಗುತ್ತಿತ್ತು. ಆ ಮುಜುಗರದಿಂದ ಪಾರಾಗಲು ಪ್ರೋಗ್ರಾಮನ್ನೇ ತಿದ್ದುತ್ತಿದ್ದರು. ವಿವರಿಸಲು ಒಗ್ಗದ ಸೌಲಭ್ಯವನ್ನು ಕಿತ್ತುಹಾಕುತ್ತಿದ್ದರು. ವಿವರಣೆ ಸಲೀಸಾಗಲಿ ಎಂದು ಹೊಸದನ್ನು ಸೇರಿಸಿದ್ದೂ ಉಂಟು. ಯುನಿಕ್ಸ್ ಅಚ್ಚುಕಟ್ಟೆಂದು ಹೆಸರಾದದ್ದರಲ್ಲಿ ಈ ಮುಜುಗರದ ಪಾಲೂ ಇದೆ. ಅಲ್ಲಿ ಬರೆದವರೂ ಕಟ್ಟಿದವರೂ ಒಬ್ಬರೇ ಆಗಿದ್ದರಿಂದ ಈ ನಂಟು ಕಣ್ಣಿಗೆ ಬಿತ್ತು. ಆಮೇಲೆ ಎರಡೂ ಕೆಲಸಗಳು ಬೇರೆಯಾದವು. ಕೋಡ್ ಬರೆಯುವವರು ಕಟ್ಟುವವರು, ಕೈಪಿಡಿ ಬರೆಯುವ ಟೆಕ್ನಿಕಲ್ ರೈಟರುಗಳು ಕಟ್ಟಿ ಮುಗಿದ ಮನೆಗೆ ಸುಣ್ಣ ಬಳಿಯುವವರು ಎಂಬ ಭಾವನೆ ಬೇರೂರಿತು. ಈ ಭಾವನೆ ತಪ್ಪು. ಓಪನ್ ಸೋರ್ಸ್ ಯೋಜನೆಗಳಲ್ಲಂತೂ ದುಬಾರಿ ತಪ್ಪು. ಬರೆಯುವವರು ಸುಣ್ಣದ ಡಬ್ಬಿ ಹಿಡಿದು ಕೊನೆಗೆ ಬಂದವರಲ್ಲ, ಅವರೂ ಗಾರೆ ಕಲಸಿದವರೇ.

ತೆರೆದ ಬಾಗಿಲು, ಇಲ್ಲದ ಮೆಟ್ಟಿಲು

ಫೈರ್‌ಫಾಕ್ಸ್, ವಿಎಲ್‌ಸಿ, ಲಿಬ್ರೆಆಫೀಸ್, ಆಂಡ್ರಾಯ್ಡ್ ಫೋನಿನ ತಳದಲ್ಲಿರುವ ಲಿನಕ್ಸ್ ಕರ್ನಲ್ — ಇವೆಲ್ಲ ಓಪನ್ ಸೋರ್ಸ್ ತಂತ್ರಾಂಶಗಳು. ಇವುಗಳ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇದು ಲೈಸೆನ್ಸು ಕೊಟ್ಟ ಹಕ್ಕು. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು, ಅದು ಕೈಗೂ ಎಟುಕಬೇಕು. ಹೇಗೆ ಇನ್‌ಸ್ಟಾಲ್ ಮಾಡುವುದು, ಯಾವ ಸೆಟ್ಟಿಂಗ್ ಏನು ಮಾಡುತ್ತದೆ, ಕೆಟ್ಟರೆ ಎಲ್ಲಿ ನೋಡಬೇಕು ಎಂದು ಹೇಳುವ ಬರಹ ಇಲ್ಲದಿದ್ದರೆ ಅದು ಬಾಗಿಲು ಹಾರು ಹೊಡೆದಿದ್ದರೂ ಮೆಟ್ಟಿಲಿಲ್ಲದ ಮನೆ. 1983ರಲ್ಲಿ ಜಿಎನ್‌ಯು ಯೋಜನೆಯನ್ನು ಸಾರಿ ಸ್ವತಂತ್ರ ತಂತ್ರಾಂಶ ಚಳವಳಿಗೆ ನಾಂದಿ ಹಾಡಿದ ರಿಚರ್ಡ್ ಸ್ಟಾಲ್‌ಮನ್ ಇದನ್ನು ಬೇಗನೆ ಗುರುತಿಸಿದರು. ಸ್ವತಂತ್ರ ಆಪರೇಟಿಂಗ್ ಸಿಸ್ಟಮ್ಮುಗಳ ಅತಿ ದೊಡ್ಡ ಕೊರತೆ ಇರುವುದು ತಂತ್ರಾಂಶದಲ್ಲಲ್ಲ, ಒಳ್ಳೆಯ ಸ್ವತಂತ್ರ ಕೈಪಿಡಿಗಳಲ್ಲಿ ಎಂಬುದು ಅವರ ವಾದ. ಪ್ರೋಗ್ರಾಮು ತಿದ್ದುವ ಹಕ್ಕಿದ್ದೂ ಕೈಪಿಡಿ ತಿದ್ದುವ ಹಕ್ಕಿಲ್ಲದಿದ್ದರೆ, ಪ್ರೋಗ್ರಾಮು ಬದಲಾದ ಮರುದಿನವೇ ಕೈಪಿಡಿ ಸುಳ್ಳು ಹೇಳತೊಡಗುತ್ತದೆ. ಅದಕ್ಕೆಂದೇ 2000ದಲ್ಲಿ ಜಿಎನ್‌ಯು ಫ್ರೀ ಡಾಕ್ಯುಮೆಂಟೇಶನ್ ಲೈಸೆನ್ಸ್ ಬಂತು. ತಂತ್ರಾಂಶದ ಕೈಪಿಡಿಗಳಿಗಾಗಿ ಬರೆದ ಈ ಲೈಸೆನ್ಸನ್ನೇ ವಿಕಿಪೀಡಿಯ ತನ್ನ ಮೊದಲ ವರ್ಷಗಳಲ್ಲಿ ಎತ್ತಿಕೊಂಡಿತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಲೇಖನಗಳೂ 2009ರವರೆಗೆ ಅದರಡಿಯಲ್ಲೇ ಹೊರಬಂದವು. ಕೈಪಿಡಿಯ ಚಿಂತೆಯಿಂದ ಹುಟ್ಟಿದ ಕಾಗದವೊಂದು ಕನ್ನಡದ ಮುಕ್ತ ಬರವಣಿಗೆಗೂ ನೆಲ ಕೊಟ್ಟಿತು.

ಸ್ಟಾಲ್‌ಮನ್ ಗುರುತಿಸಿದ ಕೊರತೆ ಎರಡು ದಶಕ ಕಳೆದರೂ ತುಂಬಲಿಲ್ಲ. ಯೋಜನೆಗಳು ತಮ್ಮ ಕೋಡು ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ 2017ರಲ್ಲಿ ನಡೆಸಿದ ಓಪನ್ ಸೋರ್ಸ್ ಸಮೀಕ್ಷೆಯಲ್ಲಿ 3,800ಕ್ಕೂ ಹೆಚ್ಚು ಯೋಜನೆಗಳಿಂದ ಆಯ್ದ 5,500 ಮಂದಿ ಉತ್ತರಿಸಿದ್ದರು. ಅರೆಬರೆಯಾದ, ಹಳತಾದ ಡಾಕ್ಯುಮೆಂಟೇಶನ್ ದೊಡ್ಡ ಸಮಸ್ಯೆ ಎಂದವರು ಶೇ 93. ಅದೇ ಸಮೀಕ್ಷೆಯಲ್ಲಿ, ಯೋಜನೆಗಳಿಗೆ ದುಡಿಯುವವರ ಪೈಕಿ ಡಾಕ್ಯುಮೆಂಟೇಶನ್ನಿಗೆ ತಾವು ಕೈ ಹಾಕುವುದೇ ಅಪರೂಪ, ಅಥವಾ ಇಲ್ಲವೇ ಇಲ್ಲ ಎಂದವರು ಶೇ 60. ಎರಡೂ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಚಿತ್ರ ಸ್ಪಷ್ಟ: ಕೆರೆ ತುಂಬ ಹೂಳಿದೆ ಎಂದು ಊರಿಗೆ ಊರೇ ಹೇಳುತ್ತದೆ, ಗುದ್ದಲಿ ಹಿಡಿಯುವವರು ಕಡಿಮೆ.

ಪಾಕ ಒಂದೆಳೆ ಬಂದಾಗ

ಇದಕ್ಕೆ ಡೆವಲಪರುಗಳ ಸೋಮಾರಿತನವನ್ನು ದೂರಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತೆ. ಸಿಹಿತಿಂಡಿ ಮಾಡುವ ವಿಧಾನ ಬರೆದುಕೊಡಿ ಎಂದರೆ ಪಳಗಿದ ಕೈಯವರು ‘ಪಾಕ ಒಂದೆಳೆ ಬಂದಾಗ ಹಿಟ್ಟು ಸುರಿಯಿರಿ’ ಎಂದು ಬರೆಯುತ್ತಾರೆ. ಒಂದೆಳೆ ಎಂದರೇನೆಂದು ಬಲ್ಲವರಿಗೆ ಈ ಸಾಲು ಬೇಕಿಲ್ಲ, ಅರಿಯದವರಿಗೆ ಇದರಿಂದ ಉಪಯೋಗವಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಪಾಕ ಹಿಡಿದು ಬಿಡಿಸಿದರೆ ನೂಲಿನಂಥ ಒಂದು ಎಳೆ ತುಂಡಾಗದೆ ನಿಲ್ಲಬೇಕು ಎಂದು ಬಿಡಿಸಿ ಹೇಳಬೇಕೆಂಬುದೇ ಅವರಿಗೆ ಹೊಳೆಯುವುದಿಲ್ಲ. ಕೈಗೆ ಗೊತ್ತಿರುವುದನ್ನು ಬಾಯಿ ಮರೆತಿರುತ್ತದೆ. ತಂತ್ರಾಂಶ ಬರೆದವರ ಪಾಡೂ ಇದೇ. ತಾವು ತಿಂಗಳುಗಟ್ಟಲೆ ಒಳಗೇ ಇದ್ದು ಕಟ್ಟಿದ ವಸ್ತುವಿನಲ್ಲಿ ಹೊಸಬರು ಎಡವುವುದೆಲ್ಲಿ ಎಂದು ಊಹಿಸಲು ಅವರಿಂದ ಆಗುವುದಿಲ್ಲ. ಬಲ್ಲವರಾದ್ದರಿಂದಲೇ ಆಗುವುದಿಲ್ಲ. ಹೀಗಾಗಿ ಈ ಕೆಲಸಕ್ಕೆ ಒಂದು ವಿಚಿತ್ರ ಅರ್ಹತೆ ಬೇಕು. ತನಗೆ ಏನು ಗೊತ್ತಿಲ್ಲ ಎಂಬುದನ್ನು ಗೊತ್ತುಮಾಡಿಕೊಂಡು, ಅದು ಗೊತ್ತಾದ ಮೇಲೂ ಮರೆಯದೆ ಇರುವ ಅರ್ಹತೆ ಅದು.

ಈ ಅರ್ಹತೆಯನ್ನು ಕೆಲಸದ ಒಂದು ಹಂತವನ್ನಾಗಿಯೇ ಮಾಡಿಕೊಂಡ ಉದಾಹರಣೆ ನಮ್ಮಲ್ಲೇ ಇದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿಬ್ರೆಆಫೀಸ್, ಲಿನಕ್ಸ್, ಪೈಥಾನ್ ಮೊದಲಾದ ಓಪನ್ ಸೋರ್ಸ್ ತಂತ್ರಾಂಶಗಳನ್ನು ಕಲಿಸಲು ಸುಮಾರು ಹತ್ತು ಹತ್ತು ನಿಮಿಷದ ಪಾಠಗಳನ್ನು ಮಾಡುತ್ತದೆ. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಅವುಗಳ ಧ್ವನಿಯನ್ನು ಬದಲಿಸಿ ಕೊಡುತ್ತದೆ. ಎದುರಿಗೆ ಮೇಷ್ಟ್ರಿಲ್ಲದ ವಿದ್ಯಾರ್ಥಿಗಾಗಿ ಮಾಡಿದ ಪಾಠಗಳಿವು. ಆದ್ದರಿಂದ ಪಾಠದ ಸ್ಕ್ರಿಪ್ಟನ್ನು ವಿಷಯ ಬಲ್ಲವರು ಪರಿಶೀಲಿಸುವುದರ ಜೊತೆಗೆ, ವಿಷಯ ಗೊತ್ತೇ ಇಲ್ಲದ ಹೊಸಬರೊಬ್ಬರೂ ಪರಿಶೀಲಿಸಬೇಕೆಂಬ ನಿಯಮವಿದೆ. ಹೊಸಬರು ಹೇಳಿದಂತೆ ಮಾಡುತ್ತಾ ಹೋಗುತ್ತಾರೆ. ಅವರು ನಿಂತಲ್ಲಿ ಸ್ಕ್ರಿಪ್ಟಿನ ತಪ್ಪಿದೆ ಎಂದು ಲೆಕ್ಕ, ಅವರ ತಪ್ಪೆಂದಲ್ಲ. ಪರಿಣತರು ಸರಿ ಎಂದದ್ದನ್ನೂ ಅರಿಯದವರು ತಡೆಹಿಡಿಯಬಹುದಾದ ಇಂಥ ಏರ್ಪಾಡು ನಮ್ಮ ಶಿಕ್ಷಣದಲ್ಲಿ ಬೇರೆಲ್ಲೂ ಸುಲಭಕ್ಕೆ ಕಾಣದು.

ಒಂದು ಸಾಲನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ತಿಳಿಯಾಗುತ್ತದೆ. ಓಪನ್ ಸೋರ್ಸ್ ಯೋಜನೆಯೊಂದರ ಮೊದಲ ಪುಟದಲ್ಲಿ ಹೀಗಿದೆ ಎಂದುಕೊಳ್ಳೋಣ: ‘ಡೇಟಾಬೇಸ್ ಸೆಟಪ್ ಮಾಡಿಕೊಂಡು ಸರ್ವರ್ ಶುರು ಮಾಡಿದರಾಯಿತು.’ ಬರೆದವರಿಗೆ ಇದು ಪೂರ್ಣ ವಾಕ್ಯ. ಟೆಕ್ನಿಕಲ್ ರೈಟರ್ ಕಣ್ಣಿಗೆ ಇದು ಪ್ರಶ್ನೆಗಳ ಸರಮಾಲೆ. ಯಾವ ಡೇಟಾಬೇಸ್, ಎಷ್ಟನೇ ಆವೃತ್ತಿ? ಅದು ಕಂಪ್ಯೂಟರಿನಲ್ಲಿ ಮೊದಲೇ ಇರಬೇಕೋ, ಈ ತಂತ್ರಾಂಶವೇ ತಂದು ಹಾಕುತ್ತದೋ? ಸೆಟಪ್ ಮುಗಿಯಿತೆಂದು ತಿಳಿಯುವುದು ಹೇಗೆ, ತೆರೆಯ ಮೇಲೆ ಏನು ಕಾಣಬೇಕು? ಪಾಸ್‌ವರ್ಡ್ ಎಲ್ಲಿ ಬರೆದಿಡಬೇಕು? ಸರ್ವರ್ ಬಳಸುವ ಪೋರ್ಟನ್ನು ಬೇರೊಂದು ಪ್ರೋಗ್ರಾಮು ಆಗಲೇ ಹಿಡಿದು ಕೂತಿದ್ದರೆ? ‘ಮಾಡಿದರಾಯಿತು’ ಎಂಬ ಮಾತಂತೂ ಆಗದೆ ಕೂತವರಿಗೆ ನಿನಗಿಷ್ಟೂ ಬರುವುದಿಲ್ಲವೇ ಎಂದು ಚುಚ್ಚಿದಂತೆ. ಇವುಗಳಲ್ಲಿ ಮೊದಲ ಮೂರಕ್ಕೆ ಉತ್ತರ ಕೇಳಿ ಬರೆದರೆ ಸಾಕು. ಪಾಸ್‌ವರ್ಡಿನ ಪ್ರಶ್ನೆ ಕೇಳಿದಾಗ, ಅದನ್ನು ಕೋಡಿನಲ್ಲೇ ಬರೆದಿಡುವ ಅಪಾಯಕರ ರೂಢಿಯೊಂದು ಬೆಳಕಿಗೆ ಬರಬಹುದು. ಪೋರ್ಟಿನ ಪ್ರಶ್ನೆಗಂತೂ ಕೈಪಿಡಿಯಲ್ಲಿ ಉತ್ತರವೇ ಇಲ್ಲ. ಪ್ರೋಗ್ರಾಮು ಸುಮ್ಮನೆ ನಿಂತುಬಿಡುವ ಬದಲು ‘ಈ ಪೋರ್ಟ್ ಬೇರೆ ಕಡೆ ಬಳಕೆಯಲ್ಲಿದೆ, ಸೆಟ್ಟಿಂಗಿನಲ್ಲಿ ಬೇರೆ ಸಂಖ್ಯೆ ಕೊಡಿ’ ಎಂದು ಹೇಳುವಂತೆ ಕೋಡನ್ನೇ ತಿದ್ದಬೇಕು. ಬರೆಯಲು ಹೊರಟ ಒಂದು ಸಾಲು ಪ್ರೋಗ್ರಾಮಿನೊಳಕ್ಕೆ ಕೈ ಹಾಕಿದ್ದು ಹೀಗೆ.

‘ಅಥವಾ’ ಕೊಟ್ಟ ಸುಳಿವು

ಇದು ಊಹೆಯ ಮಾತಲ್ಲ ಎನ್ನಲು ಗಿಟ್ ಸಾಕ್ಷಿ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಇಂದು ಜಗತ್ತಿನ ಬಹುಪಾಲು ಕೋಡಿನ ಹಿಂದು ಮುಂದುಗಳನ್ನು ಕಾಯುವ ಸಾಧನ. ಅದರಲ್ಲಿ ‘ಚೆಕ್‌ಔಟ್’ ಎಂಬ ಕಮಾಂಡ್ ಇದೆ. ಅದರ ಕೈಪಿಡಿ ಪುಟದ ಮೊದಲ ಸಾಲಿನ ತಾತ್ಪರ್ಯ ಇಷ್ಟು: ಬ್ರ್ಯಾಂಚ್ (ಕೋಡಿನ ಕವಲು) ಬದಲಿಸುತ್ತದೆ, ಅಥವಾ ಫೈಲುಗಳನ್ನು ಹಿಂದಿನ ಸ್ಥಿತಿಗೆ ತರುತ್ತದೆ. ನಡುವಿನ ಆ ‘ಅಥವಾ’ದಲ್ಲೇ ತೊಂದರೆ ಇತ್ತು. ಒಂದು ಕೆಲಸ ಕೋಣೆಯಿಂದ ಕೋಣೆಗೆ ಹೋದಷ್ಟು ನಿರಪಾಯ. ಇನ್ನೊಂದು, ನೀವು ತಿದ್ದಿ ಇನ್ನೂ ದಾಖಲಿಸದ ಫೈಲನ್ನು ಅಳಿಸಿ ಹಳೆಯದನ್ನು ಮೇಲೆ ಹಾಕುವ ಕೆಲಸ. ಬೆಳಗಿನಿಂದ ಮಾಡಿದ್ದೆಲ್ಲ ಮಣ್ಣುಪಾಲಾಗಬಹುದು. ಎರಡಕ್ಕೂ ಒಂದೇ ಹೆಸರು. ಎಂಥ ಚತುರ ಬರಹಗಾರರೂ ಈ ಗೊಂದಲವನ್ನು ಮಾತಿನಿಂದ ನಿವಾರಿಸಲಾರರು. ಏಕೆಂದರೆ ಗೊಂದಲ ಮಾತಿನಲ್ಲಿರಲಿಲ್ಲ. ಕೊನೆಗೆ 2019ರ ಆಗಸ್ಟಿನಲ್ಲಿ ಬಂದ ಗಿಟ್ 2.23ರಲ್ಲಿ ಆ ಎರಡು ಕೆಲಸಗಳನ್ನು ‘ಸ್ವಿಚ್’ ಮತ್ತು ‘ರಿಸ್ಟೋರ್’ ಎಂಬ ಎರಡು ಕಮಾಂಡುಗಳಾಗಿ ಬೇರ್ಪಡಿಸಿದರು. ವರ್ಷಗಟ್ಟಲೆ ಕೈಪಿಡಿ ಹೊತ್ತಿದ್ದ ‘ಅಥವಾ’ವನ್ನು ಕೊನೆಗೂ ಕೋಡು ಇಳಿಸಿಕೊಂಡಿತು. ವಿವರಿಸಲು ಕಷ್ಟವಾದದ್ದರ ವಿನ್ಯಾಸದಲ್ಲೇ ಹುಳುಕಿರಬಹುದು ಎಂದು ಗುಮಾನಿಪಡುವುದು ಟೆಕ್ನಿಕಲ್ ರೈಟರಿನ ವೃತ್ತಿಧರ್ಮ.

ಹಾಗಾದರೆ ಈ ಬರಹ ಯೋಜನೆಯೊಳಗೆ ಸೇರುವುದು ಹೇಗೆ? ಕೋಡು ಸೇರುವ ದಾರಿಯಲ್ಲೇ. ಕೈಪಿಡಿಯ ಪುಟಗಳು ಈಗ ಕೋಡಿನ ಪಕ್ಕದಲ್ಲೇ, ಮಾರ್ಕ್‌ಡೌನಿನಂಥ ಸರಳ ಅಕ್ಷರರೂಪದಲ್ಲಿರುತ್ತವೆ. ಬರೆಯುವವರು ಅದರ ಪ್ರತಿ ತೆಗೆದುಕೊಂಡು ತಿದ್ದಿ, ‘ಇದನ್ನು ಸೇರಿಸಿಕೊಳ್ಳಿ’ ಎಂದು ಪುಲ್ ರಿಕ್ವೆಸ್ಟ್ ಕಳಿಸುತ್ತಾರೆ. ಯೋಜನೆಯ ಹಿರಿಯರು ಸಾಲು ಸಾಲಾಗಿ ರಿವ್ಯೂ ಮಾಡುತ್ತಾರೆ, ಮಾತುಕತೆ ನಡೆಯುತ್ತದೆ, ಒಪ್ಪಿಗೆಯಾದರೆ ಮರ್ಜ್. ದೊಡ್ಡ ಯೋಜನೆಗಳಲ್ಲಿ ಇದಕ್ಕೆಂದೇ ವ್ಯವಸ್ಥೆ ಇರುತ್ತದೆ. ಕುಬರ್ನೆಟೀಸ್ ಯೋಜನೆಯ ಡಾಕ್ಸ್ ಗುಂಪಿನಲ್ಲಿ ವಾರಕ್ಕೊಬ್ಬರಂತೆ ಸರದಿಯ ಮೇಲೆ, ಬಂದ ರಿಕ್ವೆಸ್ಟುಗಳನ್ನು ವಿಲೇವಾರಿ ಮಾಡುವ ಪಾಳಿ ಇದೆ. ಬರೆಯುವುದಕ್ಕೂ ಶಾಸ್ತ್ರವುಂಟು. ಡ್ಯಾನಿಯೆಲೆ ಪ್ರೊಚಿಡಾ ರೂಪಿಸಿದ, ಇಂದು ಹಲವು ಯೋಜನೆಗಳು ಅನುಸರಿಸುವ ಡಯಾಟ್ಯಾಕ್ಸಿಸ್ ಎಂಬ ಚೌಕಟ್ಟು ತಾಂತ್ರಿಕ ಬರಹವನ್ನು ನಾಲ್ಕಾಗಿ ಒಡೆಯುತ್ತದೆ. ಕೈ ಹಿಡಿದು ಅಕ್ಷರ ತಿದ್ದಿಸುವಂಥ ಪಾಠ ಒಂದು. ಹೊರಟವರಿಗೆ ದಾರಿ ಹೇಳುವ ಸೂಚನೆ ಇನ್ನೊಂದು. ನಿಘಂಟಿನಂತೆ ತೆರೆದು ನೋಡುವ ಆಕರ ಮೂರನೆಯದು. ಹೀಗೇಕೆ ಎಂದು ಕೂರಿಸಿಕೊಂಡು ಹೇಳುವ ವಿವೇಚನೆ ನಾಲ್ಕನೆಯದು. ಕೈಪಿಡಿಗಳು ಕೆಡುವುದು ಬಹುಪಾಲು ಇವು ಕಲಸುಮೇಲೋಗರವಾದಾಗ. ದಾರಿ ಕೇಳಿದವರಿಗೆ ಊರಿನ ಇತಿಹಾಸ ಹೇಳಿದರೆ ಅವರ ಬಸ್ಸು ತಪ್ಪುತ್ತದೆ.

ಮೂರು ಆಕ್ಷೇಪಗಳು

ಮೊದಲ ಆಕ್ಷೇಪ ಕೋಡ್ ಬರೆಯುವವರದು: ಚೊಕ್ಕ ಕೋಡು ತನ್ನನ್ನು ತಾನೇ ವಿವರಿಸಿಕೊಳ್ಳುತ್ತದೆ, ಬೇರೆ ಬರಹ ಯಾಕೆ? ಕೋಡು ಹೇಳುವುದು ಈಗ ಏನಾಗುತ್ತಿದೆ ಎಂಬುದನ್ನು ಮಾತ್ರ. ಏನಾಗಬೇಕಿತ್ತು, ಬೇರೆ ದಾರಿ ಬಿಟ್ಟು ಇದನ್ನೇ ಹಿಡಿದದ್ದೇಕೆ, ನಾಳೆಯೂ ಹೀಗೇ ಇರುತ್ತದೆಂದು ನಂಬಬಹುದೇ — ಇವು ಅದರಲ್ಲಿರುವುದಿಲ್ಲ. ಅಷ್ಟಕ್ಕೂ, ಬಳಸುವವರೆಲ್ಲ ಕೋಡ್ ಓದಬೇಕೆಂದರೆ ತೆರೆದ ತಂತ್ರಾಂಶ ಬಲ್ಲವರ ಮಠವಾಗಿಬಿಡುತ್ತದೆ. ಈ ವಿಷಯದಲ್ಲಿ ಡೊನಾಲ್ಡ್ ಕ್ನೂತ್ ಅವರಿಗಿಂತ ದೊಡ್ಡ ಕೋಡುಗಾರರನ್ನು ಕರೆತರುವುದು ಕಷ್ಟ. ಗಣಿತದ ಪುಸ್ತಕಗಳ ಅಚ್ಚುಮೊಳೆ ಜೋಡಣೆಗೆಂದು ಟೆಕ್ ಎಂಬ ತಂತ್ರಾಂಶ ಬರೆದು ಜಗತ್ತಿಗೆ ತೆರೆದಿಟ್ಟ ಅವರು, ಅದರ ಕೈಪಿಡಿಯನ್ನೂ ತಾವೇ ಕೂತು ಪುಸ್ತಕವಾಗಿ ಬರೆದರು. ತಮ್ಮ ಪುಸ್ತಕಗಳಲ್ಲಿ ಹೊಸ ತಪ್ಪು ತೋರಿಸಿದವರಿಗೆ ಅವರು 2 ಡಾಲರ್ 56 ಸೆಂಟುಗಳ ಬಹುಮಾನ ಕೊಡುತ್ತಾ ಬಂದಿದ್ದಾರೆ. 256 ಎಂಬುದು ಹದಿನಾರಂಶ ಪದ್ಧತಿಯ ನೂರು. ಅದು ಗಣಿತಜ್ಞರ ತಮಾಷೆ. ಬರಹದ ತಪ್ಪಿಗೂ ಬೆಲೆ ಕಟ್ಟಿದ್ದು ತಮಾಷೆಯಲ್ಲ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ, ಅದರಲ್ಲಿ ನಮ್ಮವರ ಪಾಲೂ ಇದೆ. ಗೊತ್ತಿಲ್ಲದವರನ್ನೆಲ್ಲ ಬರೆಯಲು ಕರೆದರೆ ಕಸ ತುಂಬುವುದಿಲ್ಲವೇ? ತುಂಬಿದ್ದುಂಟು. ಅಕ್ಟೋಬರ್ ತಿಂಗಳಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ವಾರ್ಷಿಕ ಕಾರ್ಯಕ್ರಮದಲ್ಲಿ, 2020ರಲ್ಲಿ ಯೋಜನೆಗಳ ಮೇಲೆ ಅರ್ಥವಿಲ್ಲದ ತಿದ್ದುಪಡಿಗಳ ಮಳೆಯೇ ಸುರಿಯಿತು. ಕೈಪಿಡಿಯ ಮೊದಲ ಪುಟಕ್ಕೆ ‘ಅದ್ಭುತ ಯೋಜನೆ’ ಎಂದೊಂದು ಮಾತು ಸೇರಿಸಿ ಕಳಿಸುವುದೇ ಕೊಡುಗೆಯಾಯಿತು. ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಯೋಜನೆಗಳಿಗಷ್ಟೇ ಕಾರ್ಯಕ್ರಮವನ್ನು ಸೀಮಿತಗೊಳಿಸಬೇಕಾಯಿತು. 2024ರಲ್ಲಿ ಎಕ್ಸ್‌ಪ್ರೆಸ್ ಎಂಬ ಹೆಸರಾಂತ ಯೋಜನೆಯ ಮೊದಲ ಪುಟಕ್ಕೆ ತಮ್ಮ ಹೆಸರು ಸೇರಿಸಲು ವಿದ್ಯಾರ್ಥಿಗಳು ಸಾಲುಗಟ್ಟಿದರು. ಭಾರತದ ಪಾಠದ ವಿಡಿಯೊವೊಂದರಲ್ಲಿ ಆ ಯೋಜನೆಯನ್ನು ಮಾದರಿಯಾಗಿ ಬಳಸಿದ್ದೇ ಇದಕ್ಕೆ ಮೂಲ. ಅದನ್ನೆಲ್ಲ ಒಂದೊಂದಾಗಿ ಮುಚ್ಚುವ ಕೆಲಸ ಸಂಬಳವಿಲ್ಲದೆ ದುಡಿಯುವವರ ತಲೆಗೆ ಬಂತು.

ಆದರೆ ಈ ಪ್ರಸಂಗಗಳು ನಿಜಕ್ಕೂ ಏನನ್ನು ಸಾಧಿಸುತ್ತವೆ? ಅಲ್ಲಿ ಕಳಿಸಿದವರು ಆ ತಂತ್ರಾಂಶವನ್ನು ಬಳಸಲು ಹೋಗಿ ಎಡವಿದವರಲ್ಲ. ಅವರಿಗೆ ಕೇಳಬೇಕಾದ ಪ್ರಶ್ನೆಯೇ ಇರಲಿಲ್ಲ. ಅರಿಯದಿರುವುದು ಒಂದು, ಅರಿಯಲು ಪ್ರಯತ್ನಿಸದಿರುವುದು ಇನ್ನೊಂದು. ಡಾಕ್ಯುಮೆಂಟೇಶನ್ ಎಂದರೆ ಯಾರೂ ಮಾಡಬಹುದಾದ ಹಗುರ ಕೆಲಸ, ಮೊದಲ ಮೆಟ್ಟಿಲು, ನಿಜವಾದ ಕೊಡುಗೆ ಆಮೇಲಿನದು ಎಂದು ಕಲಿಸಿದ್ದರ ಫಲವಿದು. ಸುಣ್ಣ ಬಳಿಯುವ ಕೆಲಸವೆಂದು ಭಾವಿಸಿದರೆ ಸುಣ್ಣ ಬಳಿಯುವವರೇ ಬರುತ್ತಾರೆ. ಒಂದು ಇನ್‌ಸ್ಟಾಲ್ ಪುಟವನ್ನು ಹೊಸ ಕಂಪ್ಯೂಟರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಮಾಡಿನೋಡಿ, ನಿಂತ ಕಡೆ ಗುರುತು ಹಾಕಿ, ಕಾರಣ ಹುಡುಕಿ ಕಳಿಸುವ ತಿದ್ದುಪಡಿ ಎರಡೇ ಸಾಲಿನದಿದ್ದರೂ ಕಸವಾಗುವುದಿಲ್ಲ. ಅದರ ಹಿಂದೆ ಒಂದು ಮಧ್ಯಾಹ್ನದ ಸಾಕ್ಷ್ಯ ಇರುತ್ತದೆ.

ಮೂರನೆಯದು ಈ ಕಾಲದ ಆಕ್ಷೇಪ. ಕೃತಕ ಬುದ್ಧಿಮತ್ತೆ ಕೋಡ್ ಓದಿ ಕ್ಷಣದಲ್ಲಿ ಕೈಪಿಡಿ ಬರೆದುಕೊಡುವಾಗ ಮನುಷ್ಯರೇಕೆ? ಜಗತ್ತಿನ ವೆಬ್ ಡೆವಲಪರುಗಳು ನಿತ್ಯ ನೋಡುವ ಆಕರ ಎಂಡಿಎನ್. ಮೋಜಿಲ್ಲಾ ನಡೆಸುವ ಈ ಆಕರದಲ್ಲಿ 2023ರ ಮಧ್ಯಭಾಗದಲ್ಲಿ, ಕೋಡಿನ ತುಣುಕುಗಳನ್ನು ಎಐ ವಿವರಿಸುವ ಗುಂಡಿಯೊಂದು ಕಾಣಿಸಿಕೊಂಡಿತು. ವಿವರಣೆ ಓದಲು ಸಲೀಸಾಗಿತ್ತು, ತಪ್ಪೂ ಆಗಿತ್ತು. ತಪ್ಪೆಂದು ಗುರುತಿಸಬಲ್ಲವರಿಗೆ ವಿವರಣೆ ಬೇಕಿರಲಿಲ್ಲ, ಬೇಕಿದ್ದವರಿಗೆ ತಪ್ಪು ಕಾಣುವಂತಿರಲಿಲ್ಲ. ಓದುಗರೂ ಬರಹಗಾರರೂ ಜೋರಾಗಿ ಆಕ್ಷೇಪಿಸಿದ ಮೇಲೆ ಕೆಲವೇ ದಿನಗಳಲ್ಲಿ ಗುಂಡಿಯನ್ನು ಹಿಂತೆಗೆದರು. ಯಂತ್ರ ಅಂದಿಗಿಂತ ಇಂದು ಸುಧಾರಿಸಿದೆ, ಇನ್ನೂ ಸುಧಾರಿಸುತ್ತದೆ. ಕಾಗುಣಿತ ತಿದ್ದಲು, ಕರಡು ಹಾಕಲು ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಈ ಲೇಖನದ ವಾದ ನಿಂತಿರುವುದು ವಾಕ್ಯ ಹೊಸೆಯುವ ಕೌಶಲದ ಮೇಲಲ್ಲ. ‘ಅಥವಾ’ ಎಂಬ ಪದವನ್ನು ಯಂತ್ರ ಸರಾಗವಾಗಿ ಬರೆದು ಮುಂದೆ ಹೋಗುತ್ತದೆ; ಅಲ್ಲಿ ನಿಂತು ಮುಜುಗರಪಡುವುದು ಅದಕ್ಕೆ ಬರುವುದಿಲ್ಲ. ಯಾವ ಕೊಳಕನ್ನೂ ಚಂದದ ಮಾತಿನಲ್ಲಿ ವಿವರಿಸಬಲ್ಲವರು ಕೈಪಿಡಿ ಬರೆದಿದ್ದರೆ ಯುನಿಕ್ಸಿನ ಕೊಳಕೆಲ್ಲ ಹಾಗೇ ಉಳಿಯುತ್ತಿತ್ತು.

ಈ ಮೂರಕ್ಕಿಂತ ಗಂಭೀರವಾದ ಇನ್ನೊಂದು ಮಾತಿದೆ. ಅದಕ್ಕೆ ಪೂರ್ತಿ ಉತ್ತರವಿಲ್ಲ. ಇಷ್ಟು ಮುಖ್ಯ ಕೆಲಸವಾದರೆ ಸಂಬಳವೇಕಿಲ್ಲ? ಗೂಗಲ್ 2019ರಲ್ಲಿ ‘ಸೀಸನ್ ಆಫ್ ಡಾಕ್ಸ್’ ಆರಂಭಿಸಿ ಟೆಕ್ನಿಕಲ್ ರೈಟರುಗಳನ್ನು ಓಪನ್ ಸೋರ್ಸ್ ಯೋಜನೆಗಳಿಗೆ ಜೋಡಿಸಿತು, ಗೌರವಧನ ಕೊಟ್ಟಿತು. 2021ರಿಂದ ಹಣವನ್ನು ಯೋಜನೆಗಳ ಕೈಗೇ ಕೊಟ್ಟು ಬರಹಗಾರರನ್ನು ನೇಮಿಸಿಕೊಳ್ಳಲು ಬಿಟ್ಟಿತು. 2020ರಲ್ಲಿ ಮೋಜಿಲ್ಲಾ ದೊಡ್ಡ ಪ್ರಮಾಣದಲ್ಲಿ ಸಿಬ್ಬಂದಿ ಕಡಿತ ಮಾಡಿ ಎಂಡಿಎನ್ ಬರಹಗಾರರೂ ಕೆಲಸ ಕಳೆದುಕೊಂಡಾಗ, ಆ ಆಕರವನ್ನು ನೆಚ್ಚಿಕೊಂಡಿದ್ದ ಕಂಪನಿಗಳು ಮತ್ತು ಬಳಕೆದಾರರ ಹಣದಿಂದ 2021ರಲ್ಲಿ ಓಪನ್ ವೆಬ್ ಡಾಕ್ಸ್ ಎಂಬ ಸಂಸ್ಥೆ ಹುಟ್ಟಿತು. ಇವು ಒಳ್ಳೆಯ ಮಾದರಿಗಳು, ಆದರೆ ಬೆರಳೆಣಿಕೆಯವು. 1953ರಿಂದ ನಡೆದುಬಂದಿದ್ದ, ಭಾರತದಲ್ಲೂ ಶಾಖೆ ಹೊಂದಿದ್ದ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್ 2025ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಇಂಥ ಹೊತ್ತಿನಲ್ಲಿ ಬಿಟ್ಟಿ ದುಡಿಯಿರಿ ಎಂದು ಉಪದೇಶಿಸುವುದು ಸಲ್ಲದು. ಒಂದು ಲಾಭವನ್ನಷ್ಟೇ ಸಂಕೋಚವಿಲ್ಲದೆ ಹೇಳಬಹುದು. ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುವ ಟೆಕ್ನಿಕಲ್ ರೈಟರುಗಳ ಎಷ್ಟೋ ವರ್ಷಗಳ ಬರಹ ಗೋಪ್ಯತೆಯ ಕರಾರಿನ ಹಿಂದೆ ಉಳಿದುಬಿಡುತ್ತದೆ. ಹೊಸ ಕೆಲಸ ಹುಡುಕುವಾಗ ತೋರಿಸಲು ಒಂದು ಪುಟವೂ ಇರುವುದಿಲ್ಲ. ಓಪನ್ ಸೋರ್ಸಿನಲ್ಲಿ ಪುಟವಷ್ಟೇ ಅಲ್ಲ, ಅದರ ಮೇಲೆ ನಡೆದ ಚರ್ಚೆ, ಒಪ್ಪಿದ ಟೀಕೆ, ಮಾಡಿದ ತಿದ್ದುಪಡಿ ಎಲ್ಲವೂ ಹೆಸರಿನ ಸಮೇತ ಬಯಲಲ್ಲಿರುತ್ತವೆ.

ವಿಭಕ್ತಿ ಹಿಡಿದ ದೋಷ

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ? ಓಪನ್ ಸೋರ್ಸ್ ತಂತ್ರಾಂಶಗಳ ಮೆನುಗಳನ್ನು ಕನ್ನಡಕ್ಕೆ ತರುವ ಕೆಲಸ ಸ್ವಯಂಸೇವಕರಿಂದ ವರ್ಷಗಳಿಂದ ನಡೆದಿದೆ. ಅಲ್ಲಿ ಒಂದು ಸಣ್ಣ ಸಂದೇಶವನ್ನು ಗಮನಿಸಿ. ಇಂಗ್ಲಿಷಿನಲ್ಲಿ ಖಾಲಿ ಜಾಗ ಬಿಟ್ಟು, ಮುಂದೆ ‘ಅಳಿಸಲಾಗಿದೆ’ ಎಂಬರ್ಥದ ಒಂದು ಪದ ಹಾಕಿದರೆ ಮುಗಿಯಿತು. ಜಾಗದಲ್ಲಿ ಯಾವ ಹೆಸರು ಬಂದು ಕೂತರೂ ವಾಕ್ಯ ಕೆಡುವುದಿಲ್ಲ. ಕನ್ನಡದಲ್ಲಿ ಆ ಹೆಸರಿಗೆ ದ್ವಿತೀಯಾ ವಿಭಕ್ತಿ ಬೇಕು. ಪುಟವಾದರೆ ‘ಪುಟವನ್ನು’, ಪಟ್ಟಿಯಾದರೆ ‘ಪಟ್ಟಿಯನ್ನು’, ಫೋನಾದರೆ ‘ಫೋನನ್ನು’, ರಮೇಶನಾದರೆ ‘ರಮೇಶನನ್ನು’. ಕಂಪ್ಯೂಟರಿಗೆ ಈ ಸಂಧಿ ಗೊತ್ತಿಲ್ಲ. ಹಾಗಾಗಿ ಭಾಷಾಂತರಿಸುವವರು ‘ಅನ್ನು’ವನ್ನು ಬಿಡಿಯಾಗಿ ಇಡುತ್ತಾರೆ, ತೆರೆಯ ಮೇಲೆ ‘ಪಟ್ಟಿ ಅನ್ನು ಅಳಿಸಲಾಗಿದೆ’, ‘ರಮೇಶ ಅನ್ನು ಸೇರಿಸಲಾಗಿದೆ’ ಎಂಬ ಕುಂಟು ಕನ್ನಡ ಮೂಡುತ್ತದೆ. ಓದಿದವರು ಭಾಷಾಂತರ ಚೆನ್ನಾಗಿಲ್ಲ ಎನ್ನುತ್ತಾರೆ. ತಪ್ಪು ಭಾಷಾಂತರದ್ದಲ್ಲ. ಎಲ್ಲ ಭಾಷೆಯ ವಾಕ್ಯಗಳನ್ನೂ ತುಂಡು ಜೋಡಿಸಿ ಮಾಡಬಹುದು ಎಂದುಕೊಂಡು ಕೋಡ್ ಬರೆದದ್ದೇ ತಪ್ಪು. ಕನ್ನಡ ಬಲ್ಲ ಬರಹಗಾರರು ಇಲ್ಲಿ ಎರಡು ಕೆಲಸ ಮಾಡಬಹುದು. ಹೆಸರು ಪ್ರಥಮಾ ವಿಭಕ್ತಿಯಲ್ಲೇ ನಿಲ್ಲುವಂತೆ, ‘ಅಳಿಸಲಾಗಿದೆ: ಪಟ್ಟಿ’ ಎಂದು ವಾಕ್ಯ ತಿರುಗಿಸುವುದು ಒಂದು. ಪುಟಕ್ಕೆ ಬೇರೆ, ಪಟ್ಟಿಗೆ ಬೇರೆ ಪೂರ್ಣ ವಾಕ್ಯ ಕೊಡಿ ಎಂದು ಡೆವಲಪರಿಗೆ ದೋಷವರದಿ ಬರೆಯುವುದು ಇನ್ನೊಂದು. ಎರಡನೆಯದು ಈಡೇರಿದರೆ, ನಮ್ಮಂತೆಯೇ ವಿಭಕ್ತಿ ಅಂಟಿಸುವ ತಮಿಳು, ತೆಲುಗು, ಟರ್ಕಿಶ್, ಫಿನ್ನಿಶ್ ನುಡಿಗಳಿಗೂ ದಾರಿ ಸಲೀಸು.

ವಿಕಿಪೀಡಿಯದ ತಂತ್ರಾಂಶವಾದ ಮೀಡಿಯಾವಿಕಿ ಈ ಪಾಠ ಕಲಿತಿದೆ. ಅದರ ಸಂದೇಶಗಳನ್ನು ನೂರಾರು ಭಾಷೆಗಳಿಗೆ ತರುವ ಟ್ರಾನ್ಸ್‌ಲೇಟ್‌ವಿಕಿಯಲ್ಲಿ ಸಂದೇಶದ ಪಕ್ಕದಲ್ಲಿ ಅದು ಎಲ್ಲಿ ಕಾಣಿಸುತ್ತದೆ, ಖಾಲಿ ಜಾಗಕ್ಕೆ ಏನು ಬಂದು ಕೂರುತ್ತದೆ, ಅದು ಗುಂಡಿಯೋ ಶೀರ್ಷಿಕೆಯೋ ಎಂದು ಭಾಷಾಂತರಕಾರರಿಗಾಗಿ ವಿವರಣೆ ಬರೆದಿಡುವ ಪದ್ಧತಿ ಇದೆ. ‘ಓಪನ್’ ಎಂಬ ಒಂಟಿ ಪದ ಎದುರಾದಾಗ ‘ತೆರೆ’ ಎನ್ನಬೇಕೋ ‘ತೆರೆದಿದೆ’ ಎನ್ನಬೇಕೋ ತಿಳಿಯುವುದು ಆ ವಿವರಣೆಯಿಂದಲೇ. ಆ ಒಂದು ಸಾಲಿನ ಟಿಪ್ಪಣಿಯೂ ಟೆಕ್ನಿಕಲ್ ಬರವಣಿಗೆಯೇ; ಬಹುಶಃ ಅತಿ ಹೆಚ್ಚು ಭಾಷೆಗಳಿಗೆ ಉಪಕಾರ ಮಾಡುವ ಬರವಣಿಗೆ. ಮೆನು ಕನ್ನಡವಾದ ಮೇಲೆ ಸಹಾಯದ ಪುಟವೂ ಕನ್ನಡವಾಗಬೇಕು. ಅಲ್ಲಿ ‘ಕಡತ’ವೋ ‘ಫೈಲೋ’ ಎಂಬ ಜಗಳಕ್ಕಿಂತ ಮುಖ್ಯವಾದ ನಿಯಮ ಒಂದಿದೆ: ತೆರೆಯ ಮೇಲೆ ಯಾವ ಪದವಿದೆಯೋ ಪುಟದಲ್ಲೂ ಅದೇ ಇರಲಿ. ಗುಂಡಿಯ ಮೇಲೆ ‘ಉಳಿಸು’ ಎಂದಿದ್ದು ಪುಟ ‘ಸಂಗ್ರಹಿಸಿ’ ಎಂದರೆ, ಎರಡೂ ಒಳ್ಳೆಯ ಕನ್ನಡವಾದರೂ ಓದುಗರು ಇಲ್ಲದ ಗುಂಡಿ ಹುಡುಕುತ್ತಾ ಕೂರುತ್ತಾರೆ.

ತಂತ್ರಾಂಶವೊಂದನ್ನು ಮೊದಲ ಸಲ ತೆರೆದವರ ಬಳಿ ಒಂದು ಸಂಪತ್ತು ಇರುತ್ತದೆ, ಆದರೆ ಹೆಚ್ಚು ದಿನ ಇರುವುದಿಲ್ಲ. ಹತ್ತು ದಿನ ಬಳಸಿದರೆ ಕೈ ಪಳಗುತ್ತದೆ, ಎಡವಿದ ಜಾಗ ಮರೆಯುತ್ತದೆ, ‘ಪಾಕ ಒಂದೆಳೆ ಬಂದಾಗ’ ಎಂದು ಬರೆಯುವವರ ಸಾಲಿಗೆ ನಾವೂ ಸೇರುತ್ತೇವೆ. ಓಪನ್ ಸೋರ್ಸ್ ಯೋಜನೆಗೆ ಬರಹದಿಂದ ನೆರವಾಗಬೇಕೆನ್ನುವವರು ಮೊದಲು ಆ ಯೋಜನೆಯನ್ನು ಪೂರ್ತಿ ಅರಗಿಸಿಕೊಳ್ಳುತ್ತೇನೆಂದು ಕಾಯಬಾರದು. ಎಡವಿದ ದಿನವೇ, ಎಡವಿದ ಸಾಲಿನ ಮುಂದೆ ಗುರುತು ಹಾಕಬೇಕು. ಆ ಗುರುತು ಒಮ್ಮೊಮ್ಮೆ ಕೈಪಿಡಿಯ ಒಂದು ವಾಕ್ಯವಾಗುತ್ತದೆ. ಒಮ್ಮೊಮ್ಮೆ ಆ ವಾಕ್ಯದ ಅಗತ್ಯವೇ ಬೀಳದಂತೆ ಕೋಡು ಬದಲಾಗುತ್ತದೆ. ಬರೆಯಲು ಹೊರಟವರು ಬರೆಯಬೇಕಾಗಿಯೇ ಬರದ ಆ ದಿನ, ‘ಬಗ್ಸ್’ ಎಂಬ ಶೀರ್ಷಿಕೆಯಡಿ ಒಂದು ಸಾಲು ಕಡಿಮೆಯಾಗಿರುತ್ತದೆ.